ಎಕ್ಸ್‌ರೇ ನಾರ್ಮಲ್ ಇದೆ, ಮನೆಗೆ ಹೋಗಿ!

ಸಿಟ್ಟಲ್ಲೇ ಬರೀತಿದೀನಿ, ಖಾರ ಜಾಸ್ತಿ ಅನ್ನಿಸಿದರೆ ಸಹಿಸಿಕೊಳ್ಳಿ. ನಮ್ಮ ಬ್ಲಾಗುಗಳಲ್ಲಾಗಲಿ, ಪೇಪರಿನ ಆರೋಗ್ಯ ಪುರವಣಿಗಳಲ್ಲಾಗಲಿ ಮೂಳೆ ಅಂದ ಕೂಡಲೇ ಬರೋದು ಎರಡೇ ಮಾತು. ಒಂದು ಕ್ಯಾಲ್ಸಿಯಂ, ಇನ್ನೊಂದು ವಯಸ್ಸು. ಹಾಲು ಕುಡೀರಿ, ರಾಗಿ ತಿನ್ನಿ, ಎಳೆ ಬಿಸಿಲಿಗೆ ನಿಲ್ಲಿ. ಸರಿ, ಬೇಡ ಅಂದೋರ್ಯಾರು? ಆದರೆ ಮೂಳೆ ಅನ್ನೋದು ಸುಣ್ಣದ ಕಂಬ ಅಲ್ಲ ಸ್ವಾಮೀ. ಅದಕ್ಕೂ ಜೀವ ಇದೆ, ರಕ್ತ ಹರೀಬೇಕು. ರಕ್ತ ನಿಂತರೆ ಅದೂ ಸಾಯುತ್ತೆ. ಇದನ್ನು ಎಷ್ಟು ಜನ ಬರೆದಿದೀವಿ?

ಕಾಯಿಲೆಯ ಹೆಸರು ಅವ್ಯಾಸ್ಕ್ಯುಲರ್ ನೆಕ್ರೋಸಿಸ್, ಚಿಕ್ಕದಾಗಿ ಎವಿಎನ್. ಮುದುಕರ ಕಾಯಿಲೆ ಅಲ್ಲ, ಹೆಚ್ಚಾಗಿ ಬರೋದು 30ರಿಂದ 50ರೊಳಗಿನವರಿಗೆ, ಅಂದರೆ ಇದನ್ನು ಓದ್ತಿರೋ ನಿಮಗೆ, ನನಗೆ. ಹೆಚ್ಚಾಗಿ ಹೊಡೆಯೋದು ಸೊಂಟದ ಕೀಲಿನಲ್ಲಿ ಕೂತಿರೋ ತೊಡೆಮೂಳೆಯ ತಲೆಯನ್ನು. ಆ ಚೆಂಡಿನಂಥ ತುದಿಗೆ ರಕ್ತ ಕೊಡೋ ನಾಳಗಳು ಕೆಲವೇ ಕೆಲವು, ಅವೂ ಮೂಳೆಯ ಕುತ್ತಿಗೆಯನ್ನು ಬಳಸಿಕೊಂಡು ಹೋಗ್ತವೆ. ಅವು ಕಟ್ಟಿಕೊಂಡರೆ ಬಳಸುದಾರಿ ಇಲ್ಲ. ಕುತ್ತಿಗೆ ಮುರಿದರೆ, ಕೀಲು ತಪ್ಪಿದರೆ ನಾಳ ಹರಿದು ಹೀಗಾಗೋದು ಸುಲಭವಾಗಿ ಅರ್ಥ ಆಗುತ್ತೆ. ಬಿದ್ದಿಲ್ಲ, ಪೆಟ್ಟಾಗಿಲ್ಲ ಅನ್ನೋರ ವಿಷಯದಲ್ಲಿ ಮುಖ್ಯ ಕಾರಣ ಎರಡು: ವಿಪರೀತ ಕುಡಿತ ಮತ್ತು ಸ್ಟೀರಾಯ್ಡ್. ಕುಡಿತದ ಬಗ್ಗೆ ಉಪದೇಶ ಮಾಡೋರು ಊರು ತುಂಬ ಇದ್ದಾರೆ, ನಾನು ಬಿಡ್ತೀನಿ.

ನಮ್ಮ ದೊಡ್ಡಪ್ಪನ ಮಗನಿಗೆ 38 ವರ್ಷ. ತೊಡೆಸಂದಿಯಲ್ಲಿ ನೋವು, ಕೆಲವು ದಿನ ಮಂಡಿಯಲ್ಲಿ. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರೋಕಾಗ್ತಿರಲಿಲ್ಲ. ಮೊದಲನೇ ಡಾಕ್ಟರು ಮಂಡಿಯ ಎಕ್ಸ್‌ರೇ ತೆಗೆಸಿದರು. ನಾರ್ಮಲ್! ಎರಡನೆಯವರು ಸೊಂಟದ್ದು ತೆಗೆಸಿದರು. ಅದೂ ನಾರ್ಮಲ್! "ನರ ಒತ್ತಿರಬೇಕು" ಅಂದರು. ಮೂರನೇ ಕಡೆ ವಾತ ಅಂತ ಎಣ್ಣೆ ಕೊಟ್ಟರು. ಎಂಟು ತಿಂಗಳ ಮೇಲೆ ಎಮ್‌ಆರ್‌ಐ ಆಯ್ತು. ಅಷ್ಟರಲ್ಲಿ ಎಡಗಡೆಯದು ಕುಸಿದಿತ್ತು, ಬಲಗಡೆಯದು ಶುರುವಾಗಿತ್ತು. (ಇದು ಎರಡೂ ಕಡೆ ಬರೋದು ಅಪರೂಪ ಏನಲ್ಲ.)

ಸತ್ತ ಮೂಳೆ ಎಕ್ಸ್‌ರೇಯಲ್ಲಿ ಯಾಕೆ ಕಾಣಲಿಲ್ಲ? ಎಕ್ಸ್‌ರೇ ತೋರಿಸೋದು ಸುಣ್ಣವನ್ನು. ಜೀವಕೋಶ ಸತ್ತರೂ ಸುಣ್ಣ ಅಲ್ಲೇ ಇರುತ್ತೆ. ಸಿಡಿಲು ಬಡಿದ ತೆಂಗಿನಮರ ತಿಂಗಳುಗಟ್ಟಲೆ ನಿಂತೇ ಇರಲ್ವಾ, ಹಾಗೆ. ವಿಚಿತ್ರ ಅಂದರೆ ಕುಸಿತ ಶುರುವಾಗೋದು ದೇಹ ರಿಪೇರಿಗೆ ಕೈ ಹಾಕಿದ ಮೇಲೆ. ಸತ್ತದ್ದನ್ನು ಕರಗಿಸಿ ತೆಗೆಯೋ ಕೆಲಸ ಬೇಗ ಆಗುತ್ತೆ, ಹೊಸದು ಕಟ್ಟೋದು ನಿಧಾನ. ಆ ನಡುವೆ ಮನುಷ್ಯ ನಡೀತಾನೇ ಇರ್ತಾನೆ, ಮೈಭಾರ ಅದರ ಮೇಲೇ ಬೀಳ್ತಾ ಇರುತ್ತೆ. ಮೆದುಮೂಳೆಯ ಕೆಳಗಡೆ ಬಿರುಕು ಬಿಟ್ಟು ಗುಂಡಗಿದ್ದದ್ದು ಚಪ್ಪಟೆಯಾಗುತ್ತೆ. ಆಗ ಎಕ್ಸ್‌ರೇಯಲ್ಲಿ ಚೆನ್ನಾಗೇ ಕಾಣುತ್ತೆ, ನೋಡಿ ಏನು ಮಾಡೋದು? ಕುಸಿಯೋ ಮೊದಲು ಸಿಕ್ಕರೆ ಮೂಳೆಗೆ ತೂತು ಕೊರೆದು ಒಳಗಿನ ಒತ್ತಡ ಇಳಿಸಿ ಉಳಿಸೋ ಪ್ರಯತ್ನ ಮಾಡಬಹುದು. ಎಲ್ಲರಲ್ಲೂ ಫಲಿಸುತ್ತೆ ಅಂತಿಲ್ಲ. ಕುಸಿದ ಮೇಲೆ ಸಾಮಾನ್ಯವಾಗಿ ಕೀಲು ಬದಲಾವಣೆಯೇ ಗತಿ. ಹಾಗಿದ್ದಾಗ ಎಕ್ಸ್‌ರೇ ಒಂದನ್ನೇ ನೋಡಿ "ಏನೂ ಇಲ್ಲ" ಅಂದು ಕಳಿಸೋದು ಯಾವ ಸೀಮೆಯ ವೈದ್ಯ?

ಇನ್ನೂ ದೊಡ್ಡ ಸಿಟ್ಟು ಅಂದರೆ, ಆ ಮೂವರಲ್ಲಿ ಒಬ್ಬರೂ "ಹಿಂದೆ ಸ್ಟೀರಾಯ್ಡ್ ತಗೊಂಡಿದ್ರಾ?" ಅಂತ ಕೇಳಲಿಲ್ಲ. ಕೇಳಿದ್ದರೂ ಅವನಿಗೆ ಗೊತ್ತಿರಲಿಲ್ಲ. ಬೆನ್ನುನೋವಿಗೆ ಅಂಗಡಿಯವನು ಪೊಟ್ಟಣ ಕಟ್ಟಿ ಕೊಟ್ಟ ಸಣ್ಣ ಬಿಳಿ ಮಾತ್ರೆ ತಿಂಗಳುಗಟ್ಟಲೆ ನುಂಗಿದ್ದ. ಹೆಸರಿಲ್ಲ, ಚೀಟಿಯಿಲ್ಲ, "ಚೆನ್ನಾಗಿ ಕೆಲಸ ಮಾಡುತ್ತೆ ಸಾರ್" ಅಷ್ಟೇ. ಮಾಡದೆ ಏನು! ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್, ಬೀಟಾಮೆಥಸೋನ್ ಎಲ್ಲಾ ನೋವು, ಊತ ಬೇಗ ಇಳಿಸ್ತವೆ. ಆದರೆ ಜಾಸ್ತಿ ಪ್ರಮಾಣದಲ್ಲಿ ಹೋದಾಗ ಮೂಳೆಯ ಒಳಗಿನ ಕೊಬ್ಬಿನ ಕೋಶಗಳು ಉಬ್ಬಿ, ಮುಚ್ಚಿದ ಡಬ್ಬಿಯಂಥ ಆ ಜಾಗದಲ್ಲಿ ಒತ್ತಡ ಏರಿ, ಸಣ್ಣ ನಾಳಗಳು ಅಮುಕಿಹೋಗ್ತವೆ ಅನ್ನೋದು ಒಂದು ವಿವರಣೆ. ಚೀಟಿ ಇಲ್ಲದೆ ಇವನ್ನು ಮಾರೋ ಹಾಗಿಲ್ಲ ಅಂತ ಕಾನೂನಿದೆ. ಅದನ್ನು ಯಾವ ಗಲ್ಲಿಯಲ್ಲಿ ಪಾಲಿಸ್ತಾರೆ ಅಂತ ನೀವೇ ಹೇಳಿ. ಇನ್ನು ಆ "ಗಿಡಮೂಲಿಕೆ" ನೋವಿನ ಪುಡಿಗಳು... ಲ್ಯಾಬಿಗೆ ಹಾಕಿದಾಗ ಅಂಥವುಗಳಲ್ಲಿ ಸ್ಟೀರಾಯ್ಡ್ ಸಿಕ್ಕ ಉದಾಹರಣೆಗಳು ಬೇಕಾದಷ್ಟಿವೆ.

ಇದು ಮೊದಲೇ ಗೊತ್ತಿರಲಿಲ್ಲ ಅನ್ನೋ ಹಾಗೂ ಇಲ್ಲ. 2003ರ ಸಾರ್ಸ್‌ನಲ್ಲಿ ಬೀಜಿಂಗ್, ಹಾಂಗ್‌ಕಾಂಗ್‌ಗಳಲ್ಲಿ ಜಾಸ್ತಿ ಸ್ಟೀರಾಯ್ಡ್ ಪಡೆದು ಬದುಕಿದವರಲ್ಲಿ ಅನೇಕರಿಗೆ ಆಮೇಲೆ ಎವಿಎನ್ ಬಂತು. 2020ರಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನ, ಕೋವಿಡ್‌ನಲ್ಲಿ ಆಮ್ಲಜನಕ ಬೇಕಾದವರಿಗೆ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್, ಅದೂ ಹೆಚ್ಚೆಂದರೆ 10 ದಿನ ಕೊಟ್ಟರೆ ಜೀವ ಉಳಿಯುತ್ತೆ ಅಂತ ತೋರಿಸ್ತು. ಆಮ್ಲಜನಕ ಬೇಡದವರಿಗೆ ಉಪಯೋಗ ಕಾಣಲಿಲ್ಲ ಅಂತಲೂ ಹೇಳ್ತು. ಆದರೂ 2021ರ ಎರಡನೇ ಅಲೆಯಲ್ಲಿ ವಾಟ್ಸ್ಯಾಪಿನಲ್ಲಿ ಓಡಾಡಿದ ಮಾತ್ರೆ ಪಟ್ಟಿಗಳಲ್ಲಿ ಸ್ಟೀರಾಯ್ಡ್ ಇತ್ತು, ಮನೆಯಲ್ಲೇ ನೆಗಡಿ ಜ್ವರದಲ್ಲಿ ಮಲಗಿದ್ದವರೂ ನುಂಗಿದರು. ಅದೇ ವರ್ಷ ಮುಂಬಯಿಯ ವೈದ್ಯರು ಕೋವಿಡ್ ಆಗಿ ಎವಿಎನ್ ಬಂದ ಪ್ರಕರಣಗಳನ್ನು ಪ್ರಕಟಿಸಿದಾಗ ಪೇಪರುಗಳೆಲ್ಲ "ಕೋವಿಡ್ ನಂತರ ಮೂಳೆ ಸಾವು" ಅಂತ ಹೆಡ್ಡಿಂಗ್ ಕೊಟ್ಟವು. ವೈರಸ್ಸಿನ ಪಾಲೂ ಇರಬಹುದು, ಇಲ್ಲ ಅನ್ನಲ್ಲ. ಆದರೆ ಮಾತ್ರೆಯ ಪಾಲನ್ನು ಹೆಡ್ಡಿಂಗಿನಿಂದ ಬಿಟ್ಟಿದ್ದು ಯಾಕೆ?

ಹಾಗಂತ ಸ್ಟೀರಾಯ್ಡ್ ವಿಷ ಅಂತ ಕಾಮೆಂಟು ಹಾಕಬೇಡಿ. ಉಬ್ಬಸ, ಲೂಪಸ್ ಇರೋರಿಗೆ ಅದು ಜೀವ. ತುಂಬ ದಿನದಿಂದ ತಗೊಳ್ತಿರೋರು ಈ ಪೋಸ್ಟು ಓದಿ ಹೆದರಿ ಥಟ್ಟಂತ ನಿಲ್ಲಿಸಲೂ ಬೇಡಿ, ಅದು ಬೇರೆ ಅಪಾಯ, ಡಾಕ್ಟರು ಹೇಳಿದ ಹಾಗೇ ಇಳಿಸಬೇಕು. ನಾನು ಕೇಳ್ತಿರೋದು ಎರಡೇ. ಕೊಡೋರು ಹೆಸರು, ಪ್ರಮಾಣ, ಎಷ್ಟು ದಿನ ಅಂತ ಬರೆದುಕೊಡಲಿ. ಅಂಥ ಮಾತ್ರೆ ತಿಂದವನು ಮುಂದೆ ತೊಡೆಸಂದಿ ನೋವು ಅಂತ ಬಂದರೆ, ಎಕ್ಸ್‌ರೇ ಎಷ್ಟೇ ಚೆನ್ನಾಗಿರಲಿ, ಎಮ್‌ಆರ್‌ಐ ಬರೆಯಲಿ. ದುಬಾರಿ ಅಂತೀರಾ? ನಮ್ಮಣ್ಣನ ಎಡಗಡೆ ಕೀಲು ಬದಲಾಯಿಸಿದ ಬಿಲ್ಲು ನನ್ನ ಹತ್ತಿರ ಇದೆ, ಬೇಕಾದರೆ ಬಂದು ನೋಡಿ.