ಕಾವೇರಿ ಸೀಮೆ ಮರೆತ ಅಂಜುದೀವ್

ವಿಶ್ವೇಶ್ವರಯ್ಯ ನಾಲೆಯ ನೀರನ್ನು ನಂಬಿ ಬದುಕುವ ಮಂಡ್ಯ, ಮದ್ದೂರು, ಮಳವಳ್ಳಿಯ ಜನರಿಗೆ ಸಮುದ್ರ ದೂರದ ಸಂಗತಿ. ಆದರೆ 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಗೆ ಸಜ್ಜಾದ ನೌಕಾಬಲದಲ್ಲಿ ‘ಮೈಸೂರು’ ಮತ್ತು ‘ಕಾವೇರಿ’ ಹೆಸರಿನ ಯುದ್ಧನೌಕೆಗಳಿದ್ದವೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ? ಸರ್ಕಾರಿ ಸೇವೆಯಲ್ಲಿ ಕಾರವಾರಕ್ಕೆ ವರ್ಗವಾಗುವವರೆಗೆ ಮಂಡ್ಯದವನಾದ ನನಗೂ ತಿಳಿದಿರಲಿಲ್ಲ.

ಕಾರವಾರದ ಕರಾವಳಿಗೆ ಕಣ್ಣಳತೆಯಲ್ಲಿರುವ ಅಂಜುದೀವ್ ದ್ವೀಪ ಆಗ ಪೋರ್ಚುಗೀಸರ ವಶದಲ್ಲಿತ್ತು. ಆ ನವೆಂಬರ್‌ನಲ್ಲಿ ಅಲ್ಲಿಯ ಸೈನಿಕರು ‘ಸಾಬರಮತಿ’ ಹಡಗಿನ ಮೇಲೆ ಗುಂಡು ಹಾರಿಸಿದ್ದರು. ‘ಆಪರೇಷನ್ ವಿಜಯ್’ನಲ್ಲಿ ದ್ವೀಪವನ್ನು ಗೆಲ್ಲುವ ಹೊಣೆ ನೌಕಾಪಡೆಯದಾಯಿತು. ‘ವಿಕ್ರಾಂತ್’ ಹೊರಸಮುದ್ರದಲ್ಲಿ ಕಾವಲಿತ್ತು. ‘ಬೆತ್ವಾ’, ‘ಬಿಯಾಸ್’, ‘ಕಾವೇರಿ’ ಮರ್ಮಗೋವಾದತ್ತ ಸಾಗಿದರೆ, ‘ಮೈಸೂರು’ ಹಾಗೂ ‘ತ್ರಿಶೂಲ್’ ಅಂಜುದೀವ್‌ಗೆ ಬಂದವು.

ಡಿಸೆಂಬರ್ 18ರಂದು ದ್ವೀಪಕ್ಕಿಳಿದವರು ನೆಲದ ಯುದ್ಧಕ್ಕೆಂದೇ ಪಳಗಿದ ಪದಾತಿಗಳಲ್ಲ. ಹಡಗುಗಳಿಂದ ಆಯ್ದ ನಾವಿಕರು. ಮೊದಲ ತಂಡ ದಡ ಸೇರಿತು. ಅದರ ಬೆನ್ನಿಗೆ ಬಂದವರ ಮೇಲೆ ಗುಂಡಿನ ಮಳೆಗರೆಯಿತು. ಏಳು ನಾವಿಕರು ಪ್ರಾಣ ತೆತ್ತರು. ನೌಕೆಗಳ ಫಿರಂಗಿಗಳು ಮೊಳಗಿದ ಮೇಲೆ, ಮರುದಿನ ದ್ವೀಪ ಪೂರ್ಣವಾಗಿ ನಮ್ಮದಾಯಿತು.

ಗೋವಾ ಎರಡು ದಿನದಲ್ಲಿ ಸುಲಭವಾಗಿ ಕೈಸೇರಿತೆಂದು ನಾವು ಹೇಳಿಕೊಳ್ಳುತ್ತೇವೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಕಲಿತ ಮೊದಲ ಪಾಠವೆಂದರೆ, ಒಟ್ಟು ವೆಚ್ಚ ಕಡಿಮೆಯೆಂದ ಮಾತ್ರಕ್ಕೆ ಅದನ್ನು ಭರಿಸಿದವರ ಹೊರೆ ಹಗುರವಾಗುವುದಿಲ್ಲ. ಎದುರಾಳಿಗಿಂತ ಎಷ್ಟೋ ಪಟ್ಟು ಬಲಿಷ್ಠ ನೌಕಾಬಲವಿದ್ದರೂ, ಬಯಲು ದಡದಲ್ಲಿ ಕಾಲಿಟ್ಟ ನಾವಿಕನಿಗೆ ಮರೆಯಿರಲಿಲ್ಲ.

ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಿಷೇಧ ಮುರಿದು ಧ್ವಜವೇರಿಸಿದವರಿಗೆ ನಾವು ಸ್ಮಾರಕಸೌಧ ಕಟ್ಟಿದ್ದೇವೆ. ಅಂಜುದೀವ್‌ನಲ್ಲಿ ಹಾರಿದ್ದು ಅದೇ ಹೋರಾಟದ ಕೊನೆಯ ಧ್ವಜಗಳಲ್ಲೊಂದು. ಪ್ರತಿ ಡಿಸೆಂಬರ್ 18ರಂದು ನಮ್ಮ ಮೂರೂ ತಾಲ್ಲೂಕುಗಳ ಶಾಲಾ ಕಾಲೇಜುಗಳು ಆ ಏಳು ಮಂದಿಯನ್ನು ಒಂದು ಗಳಿಗೆ ನೆನೆಯಲಿ. ಇದಕ್ಕೆ ಅನುದಾನ ಬೇಕಿಲ್ಲ.

ಇಂದು ಅದೇ ದ್ವೀಪವನ್ನು ಅಲೆತಡೆಗೋಡೆಯೊಂದು ದಡಕ್ಕೆ ಬೆಸೆದಿದೆ. 2005ರಲ್ಲಿ ಆರಂಭವಾದ ಕದಂಬ ನೌಕಾನೆಲೆ ಅಲ್ಲಿದೆ. ಅದಕ್ಕಾಗಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಮೀನುಗಾರಿಕೆಯ ದಡಗಳನ್ನು ಬಿಟ್ಟುಕೊಟ್ಟವು. ಒಳನಾಡಿನ ನಮ್ಮ ನೆಮ್ಮದಿಗೆ ಕಡಲಂಚಿನಲ್ಲಿ ಬೆಲೆ ತೆತ್ತವರಿದ್ದಾರೆ. ಆ ಋಣವನ್ನು ಒಪ್ಪಿಕೊಳ್ಳುವುದಾದರೂ ನಮ್ಮಿಂದಾಗಬೇಕು.