ಎರಡು ಬೆರಳು ನೀರು

ಹರದನಹಳ್ಳಿಯ ದಿವ್ಯಲಿಂಗೇಶ್ವರನ ಗುಡಿಯಲ್ಲಿ ಬೆಳಗಿನ ಪೂಜೆ ನಡೆಯುವ ಹೊತ್ತಿಗೆ, ಚಳಿಗಾಲದಲ್ಲಿ ಒಮ್ಮೆ ಕೆರೆಯ ಕಡೆ ಬನ್ನಿ. ಏರಿಯ ಮೇಲೆ ನಿಂತು ನಡುನೀರು ನೋಡಬೇಡಿ. ನೀರು ಮುಗಿದು ಕೆಸರು ಶುರುವಾಗುವ ಕಡೆ, ದನಗಳ ಗೊರಸಿನ ಗುಳಿಗಳ ನಡುವೆ ಕಣ್ಣಿಡಿ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಒಂದು ಮಣ್ಣಹೆಂಟೆ ಅಲುಗುತ್ತದೆ. ಅದು ಹೆಂಟೆಯಲ್ಲ, ಗದ್ದೆಗೊರವ.

ಕಂದು ಬೆನ್ನಿನ ತುಂಬ ಬಿಳಿ ಚುಕ್ಕಿ, ಕಣ್ಣಿನ ಹಿಂದಕ್ಕೂ ಎಳೆದ ಬಿಳಿ ಹುಬ್ಬು, ಹಳದಿ ಛಾಯೆಯ ಕಾಲು. ಪಕ್ಕದಲ್ಲೇ ಇನ್ನೊಂದು: ಬೆನ್ನಿಗೆ ಚುಕ್ಕಿಯಿಲ್ಲ, ಎದೆಯ ಬಿಳುಪು ರೆಕ್ಕೆಯ ಮುಂದೆ ಭುಜದವರೆಗೂ ಏರಿದೆ, ಬಾಲ ಕುಣಿಸುವುದನ್ನು ನಿಲ್ಲಿಸುವುದೇ ಇಲ್ಲ. ಅದು ಬೇರೆ ಜಾತಿ. ಕಣ್ಣಸುತ್ತ ಹಳದಿ ಬಳೆಯಿಟ್ಟ ಪುಟ್ಟ ಪ್ಲೋವರ್ ನಾಲ್ಕು ಹೆಜ್ಜೆ ಓಡಿ ಥಟ್ಟನೆ ನಿಲ್ಲುತ್ತದೆ. ದುರ್ಬೀನು ಇಲ್ಲದವರೂ ನಡಿಗೆಯಲ್ಲೇ ಗುರುತು ಹಿಡಿಯಬಹುದು. ಇನ್ನು ಗದ್ದೆಗೊರವದ ಆ ಗೊರವ ಎಂಬ ಹೆಸರು ನಮಗೆ ಹೊಸದೇ? ಕರಡಿ ಕೂದಲಿನ ಟೊಪ್ಪಿಗೆ ತೊಟ್ಟು ಡಮರು ನುಡಿಸಿ ಕುಣಿಯುವ ಗೊರವರನ್ನು ನೋಡಿಯೇ ಬೆಳೆದವರು ನಾವು.

ಇಂಥ ಹಕ್ಕಿ ನೋಡಲು ಕಡಲತೀರಕ್ಕೇ ಹೋಗಬೇಕು ಎನ್ನುವವರಿದ್ದಾರೆ. 2024ರಲ್ಲಿ ಜಾಗತಿಕ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿದ ಅಘನಾಶಿನಿ ಅಳಿವೆ ದೊಡ್ಡದು, ಒಪ್ಪುತ್ತೇನೆ. ಆದರೆ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಗೆ ಕೆರೆಯಂಗಳವೇ ಕಡಲತೀರ. ಸುಮಾರು 60-70 ಗ್ರಾಂ ತೂಗುವ ಈ ಗದ್ದೆಗೊರವ ಸ್ಕ್ಯಾಂಡಿನೇವಿಯಾದಿಂದ ಸೈಬೀರಿಯಾದವರೆಗಿನ ಜೌಗುನೆಲದಲ್ಲಿ ಮರಿಮಾಡಿ, ಸಾವಿರಾರು ಕಿಲೋಮೀಟರ್ ಹಾರಿ ನಮ್ಮಂಥ ಊರುಗಳಿಗೆ ಬರುತ್ತದೆ. ಬಂದು ಕೇಳುವುದಾದರೂ ಏನು? ಎರಡು ಬೆರಳು ಆಳದ ನೀರು, ಕೊಕ್ಕು ಇಳಿಯುವಷ್ಟು ಮೆತ್ತಗಿನ ಕೆಸರು, ಅದರೊಳಗಿನ ಹುಳು.

ಅದನ್ನೇ ನಾವು ಕಿತ್ತುಕೊಳ್ಳುತ್ತಿದ್ದೇವೆ. ಕಬಿನಿಯ ನೀರನ್ನು ಆಲಂಬೂರಿನಿಂದ ಎತ್ತಿ ಕೆರೆಗಳಿಗೆ ಹರಿಸಿದ್ದು ಪುಣ್ಯದ ಕೆಲಸ. ಬತ್ತಿದ ಬೋರ್‌ವೆಲ್‌ನ ಸಂಕಟ ಕಂಡ ನಾನು ಆ ನೀರಿಗೆ ಕೈಮುಗಿಯುತ್ತೇನೆ. ಆದರೆ ಹೂಳೆತ್ತುವ ಹೆಸರಿನಲ್ಲಿ ಜೆಸಿಬಿ ಇಳಿಸಿ, ಅಂಚನ್ನು ಗೋಡೆಯ ಹಾಗೆ ಕಡಿದು, ಕೆರೆಯನ್ನು ಬಾವಿ ಮಾಡಿದರೆ ಹೇಗೆ? ಅಂಥ ಕೆರೆ ತುಂಬಿದರೂ ಗೊರವನಿಗೆ ಕಾಲಿಡಲು ಜಾಗವಿಲ್ಲ. ನೀರಿಗಿಳಿದ ಕರುವಿಗೆ, ಮಗುವಿಗೆ ಹತ್ತಿ ಬರಲು ದಾರಿಯಿಲ್ಲ. ಇನ್ನು ಉಳಿದ ಅಂಚಿಗೆ ಕೋಳಿ ಅಂಗಡಿಯ ಪುಕ್ಕ, ಒಡೆದ ಮನೆಯ ಇಟ್ಟಿಗೆ. ಕೆರೆಯಲ್ಲಿ ಕಸ ಸುರಿಯಬಾರದು, ಒತ್ತುವರಿ ಮಾಡಬಾರದು ಎಂದು 2014ರ ಕೆರೆ ಸಂರಕ್ಷಣಾ ಪ್ರಾಧಿಕಾರದ ಕಾಯ್ದೆಯೇ ಹೇಳುತ್ತದೆ. ಆ ಕಸವನ್ನು ಟ್ರ್ಯಾಕ್ಟರಿನಲ್ಲಿ ತಂದು ಸುರಿಯುವವರು ಹೊರಗಿನವರಲ್ಲ, ನಾವೇ.

ಒಂದು ಬೇಸಿಗೆ ಕೆರೆಯಂಗಳದಲ್ಲಿ ನಡೆಯುತ್ತಿದ್ದೆ. ತಲೆಯ ಮೇಲೆ ಟಿಟ್ಟಿಭ ಅರಚುತ್ತಾ ಸುತ್ತುತ್ತಿತ್ತು. ಕುರಿ ಕಾಯುತ್ತಿದ್ದ ಹಿರಿಯರೊಬ್ಬರು ಕೂಗಿದರು: “ಅಲ್ಲೇ ನಿಂತ್ಕೊ ಮಗ, ಕಾಲಡೀಲಿ ಮೊಟ್ಟೆ ಅವೆ.” ಬಗ್ಗಿ ನೋಡಿದೆ. ಬೆಣಚುಕಲ್ಲುಗಳ ನಡುವೆ ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆ, ಚೂಪುತುದಿ ಒಳಗೆ ಮಾಡಿ ಜೋಡಿಸಿದ ಹಾಗೆ. ಗೂಡಿಲ್ಲ, ಹುಲ್ಲಿಲ್ಲ, ಬರೀ ಒಂದು ಕುಳಿ. ನನ್ನ ಕಾಲಿಗೂ ಅದಕ್ಕೂ ಒಂದು ಗೇಣಿರಲಿಲ್ಲ. ಪಂಚತಂತ್ರದಲ್ಲಿ ಟಿಟ್ಟಿಭದ ಮೊಟ್ಟೆ ಕದ್ದ ಸಮುದ್ರ ಕೊನೆಗೆ ಹೆದರಿ ಅವನ್ನು ವಾಪಸ್ಸು ಕೊಟ್ಟಿತು. ಟಿಪ್ಪರಿನ ಚಕ್ರ ಏನನ್ನೂ ವಾಪಸ್ಸು ಕೊಡುವುದಿಲ್ಲ.

ಆದ್ದರಿಂದ ಊರವರೇ, ಯಜಮಾನರೇ, ಪಂಚಾಯಿತಿಯ ಸದಸ್ಯರೇ, ಕೇಳಿಕೊಳ್ಳುತ್ತೇನೆ. ಹೂಳು ತೆಗೆಯಿರಿ, ಬೇಡವೆನ್ನುವುದಿಲ್ಲ. ನಡುಭಾಗವನ್ನು ಆಳ ಮಾಡಿ. ಏರಿಯ ಎದುರು ದಡವನ್ನು ಇಳಿಜಾರಾಗಿಯೇ ಬಿಡಿ. ಒಂದು ವರ್ಷ ಅರ್ಧ, ಮರುವರ್ಷ ಇನ್ನರ್ಧ ಎತ್ತಿಸಿ. ಯಂತ್ರ ಇಳಿಸುವ ಹಿಂದಿನ ದಿನ ಕುರಿ ಕಾಯುವವರೊಬ್ಬರನ್ನು ಕರೆದು ಅಂಗಳದಲ್ಲಿ ನಡೆಸಿ, ಮೊಟ್ಟೆ ಎಲ್ಲಿದೆ ಎಂದು ಅವರು ತೋರಿಸುತ್ತಾರೆ. ಮೇಷ್ಟ್ರುಗಳೇ, ಪ್ರತಿ ಜನವರಿಯಲ್ಲಿ ಏಷ್ಯಾದ ಉದ್ದಗಲಕ್ಕೂ ನೀರುಹಕ್ಕಿಗಳ ಗಣತಿ ನಡೆಯುತ್ತದೆ. 1987ರಿಂದ ನಡೆದುಬಂದಿದೆ. ನಿಮ್ಮ ಮಕ್ಕಳೂ ನಮ್ಮ ಕೆರೆಯ ಲೆಕ್ಕ ಬರೆಯಲಿ. ಮುಂದಿನ ಗ್ರಾಮಸಭೆಯಲ್ಲಿ ಕೆರೆ ಕಾಮಗಾರಿಯ ಮಾತು ಬಂದಾಗ ಎದ್ದು ನಿಂತು, ಅಂಚು ಕಡಿಯಕೂಡದು ಎಂಬ ಒಂದು ಸಾಲನ್ನು ನಡಾವಳಿಯಲ್ಲಿ ಬರೆಸಿ. ಬರೆಯುವವರೆಗೂ ಕೂರಬೇಡಿ.