ಹಿರಿಯ ಮೋಟಾರು, ಕಿರಿಯ ಮೋಟಾರು

ಅಮರಕೋಶಕಾರನು ವಾಹನಗಳಿಗೆಲ್ಲ ಒಂದೇ ಹೆಸರನ್ನಿಟ್ಟು ಸುಮ್ಮನಾಗಲಿಲ್ಲ. ಯುದ್ಧಕ್ಕೆ ಹೋಗುವುದು ರಥ. ಯುದ್ಧಕ್ಕಲ್ಲದ ಸಂಚಾರಕ್ಕಿರುವುದು ಪುಷ್ಯರಥ. ಹೆಂಗಸರು ಕುಳಿತು ಹೋಗುವ ಮುಚ್ಚುಬಂಡಿ ಕರ್ಣೀರಥ. ಹೇರು ಹೊರುವುದು ಶಕಟ. ಕೆಲಸವನ್ನು ನೋಡಿ ಹೆಸರಿಟ್ಟ ಈ ವಿವೇಕವು ಇಂದು ಮೋಟಾರು ಕೊಳ್ಳುವ ಗೃಹಸ್ಥನಿಗೂ ಅವಶ್ಯವೆಂದು ನಾವು ಬಲ್ಲೆವು.

ನಮ್ಮ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಸೀಮೆಯಲ್ಲಿ ಹಳೆಯ ಅಂಬಾಸಡರ ಗಾಡಿಯುಳ್ಳ ಮನೆಗಳಲ್ಲಿ ತಂದೆಮಕ್ಕಳಿಗೆ ಒಂದು ವಾದವು ನಡೆಯುವುದುಂಟು: ಹಿರಿಯರ ಗಾಡಿಯನ್ನು ಉಳಿಸಿಕೊಳ್ಳಬೇಕೋ, ಮಾರಿ ಪುಟ್ಟ ವಿದ್ಯುತ್ ಗಾಡಿಯನ್ನು ತರಬೇಕೋ?

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಅಚ್ಚಿನಲ್ಲಿ, ಕಲಕತ್ತೆಯ ಸಮೀಪದ ಉತ್ತರಪಾಡಾದಲ್ಲಿ ಹುಟ್ಟಿದ ಅಂಬಾಸಡರವು 2014ರ ವರೆಗೆ ತಯಾರಾಗುತ್ತಿದ್ದಿತು. ಉದ್ದ ಸುಮಾರು 4.3 ಮೀಟರು, ನಾಲ್ಕು ಅಗಲವಾದ ಬಾಗಿಲುಗಳು, ಎತ್ತರವಾದ ಪೀಠ. ಮೊಣಕಾಲು ಸೋತ ಅಜ್ಜಿಯೂ ಅದರಲ್ಲಿ ನಿರಾಯಾಸವಾಗಿ ಕೂಡುವಳು. ಆದರೆ ಪೆಟ್ರೋಲಿನ ಹಸಿವು ದೊಡ್ಡದು; ಇಂದಿನ ಗಾಳಿಚೀಲ ಮೊದಲಾದ ರಕ್ಷಣೆಗಳು ಹಳೆಯ ಗಾಡಿಯಲ್ಲಿ ಇಲ್ಲ.

ಕಿರಿಯ ಗಾಡಿಯ ಕಥೆಗೆ ನಮ್ಮ ನಾಡೇ ತೌರುಮನೆ. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ರೇವಾ ಎಂಬ ವಿದ್ಯುತ್ ಗಾಡಿಯ ಉದ್ದ 2.6 ಮೀಟರು ಮಾತ್ರ. ಮುಂದೆ ದೊಡ್ಡವರಿಬ್ಬರು, ಹಿಂದೆ ಮಕ್ಕಳಿಬ್ಬರು. ಸೀಸದ ಬ್ಯಾಟರಿಗಳನ್ನು ಸುಮಾರು 8 ತಾಸು ತುಂಬಿದರೆ 80 ಕಿಲೋಮೀಟರು ಓಡುತ್ತಿದ್ದಿತು. 2023ರಲ್ಲಿ ಬಂದ ಕಾಮೆಟ್ ಎಂಬುದು ಮೂರು ಮೀಟರಿಗೂ ಕಿರಿದಾಗಿ ನಾಲ್ವರನ್ನು ಹೊರುವುದು. ಹೊರಬಂದಾಗ ತಯಾರಕರು ಸಾರಿದ ಓಟ 230 ಕಿಲೋಮೀಟರು.

ಈಗ ಲೆಕ್ಕ ಹಾಕೋಣ. ಸವಣೂರಿನಿಂದ ಶಿಗ್ಗಾಂವಿಗೆ, ಸಂತೆಗೆ, ಶಾಲೆಗೆ ಕಿರಿಯ ಗಾಡಿಯೇ ಲೇಸು. ಖರ್ಚು ಅಲ್ಪ, ಹೊಗೆಯಿಲ್ಲ, ಓಣಿಯಲ್ಲಿ ತಿರುಗಿಸುವುದು ಸುಲಭ. ಆದರೆ ಹಿರೇಕೆರೂರಿನಿಂದ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿಬರುವ ಹಾದಿಯು 200 ಕಿಲೋಮೀಟರನ್ನು ಮೀರುವುದು. ರೇವಾ ಅರ್ಧದಾರಿಗೇ ಸೋಲುವುದು. ಕಾಮೆಟ್ ಕೂಡ ನಾಲ್ವರನ್ನು ಹೊತ್ತಾಗ ಸಾರಿದಷ್ಟು ಓಡೀತೆಂದು ನಂಬಿ ಹೊರಡುವುದು ಜಾಣತನವಲ್ಲ. ಮೇಲಾಗಿ ಇವೆರಡಕ್ಕೂ ಬಾಗಿಲುಗಳು ಎರಡೇ. ಮುಂದಿನ ಪೀಠವನ್ನು ಬಾಗಿಸಿ ಹಿಂದಕ್ಕೆ ತೂರಿಕೊಳ್ಳುವುದು ಮುದುಕರಿಗೆ ಸಾಧ್ಯವೆ?

ಹಾಗೆಂದು ಹಳೆಯದನ್ನು ಪೂಜೆಗಿಡುವುದೂ ಪರಿಹಾರವಲ್ಲ. 2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲರೂಪ ಕೆಡದ ಗಾಡಿಯನ್ನು ‘ವಿಂಟೇಜ್’ ಎಂದು ದಾಖಲು ಮಾಡಿಸಬಹುದು. ಆದರೆ ಹಾಗೆ ಮಾಡಿಸಿದ ಗಾಡಿಯನ್ನು ಪ್ರದರ್ಶನ, ದುರಸ್ತಿ ಮುಂತಾದವುಗಳ ಹೊರತು ನಿತ್ಯಸಂಚಾರಕ್ಕೆ ಬಳಸುವಂತಿಲ್ಲ. ಗೌರವವು ದೊರೆಯಿತು, ಸೇವೆಯು ನಿಂತಿತು! ಅಜ್ಜಿಯನ್ನು ಆಸ್ಪತ್ರೆಗೆ ಒಯ್ಯಬೇಕಾದವರು ಈ ಮಾತನ್ನು ಮೊದಲೇ ತಿಳಿದಿರಬೇಕು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ವರ್ಷದಲ್ಲಿ ಎಷ್ಟು ದಿನ ದೂರ ಹೋಗುವಿರಿ, ಎಷ್ಟು ಜನ ಕೂಡಿ ಹೋಗುವಿರಿ ಎಂಬುದನ್ನು ಬರೆದಿಡಿರಿ. ಅಂಥ ದಿನಗಳು ಬೆರಳೆಣಿಕೆಯವಾದರೆ ಕಿರಿಯದನ್ನು ಕೊಂಡು, ಆ ದಿನಗಳಿಗೆ ಬಾಡಿಗೆಯ ಗಾಡಿ ತರಿಸುವುದು ಲೇಸು. ಹಿರಿಯದು ಗಟ್ಟಿಯಾಗಿದ್ದು, ಕಾಗದಪತ್ರಗಳೂ ಸರಿಯಾಗಿದ್ದರೆ ಓಡಿಸಿರಿ; ತಾಡಪತ್ರಿಯ ಕೆಳಗೆ ತುಕ್ಕು ಹಿಡಿಸಬೇಡಿರಿ. ಕೊಳ್ಳುವ ಮುನ್ನ ಮನೆಯ ಅತಿ ಹಿರಿಯರನ್ನು ಅಂಗಡಿಗೆ ಕರೆದೊಯ್ದು, ಹಿಂದಿನ ಪೀಠದಲ್ಲಿ ಕುಳ್ಳಿರಿಸಿ ಇಳಿಸಿ ನೋಡಿರಿ. ಅವರ ಮುಖವೇ ನಿಮಗೆ ಉತ್ತರ ಹೇಳುವುದು.